ಸ್ವಿಚ್ ಮಾವ ಮತ್ತು ಅರ್ಧಕ್ಕೆ ನಿಂತ ಅಪ್‌ಡೇಟ್

ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇದ್ದೇ ಇರ್ತಾರೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗ್ತಾ ಇದ್ದರೆ ಅವರಿಗೆ ಕೂತಲ್ಲಿ ಕೂರೋಕೆ ಆಗಲ್ಲ. "ಕರೆಂಟೇನು ಪುಕ್ಕಟೆ ಬರುತ್ತಾ?" ಅಂತ ಗೊಣಗುತ್ತಾ ಹೋಗಿ ಆರಿಸಿ ಬರ್ತಾರೆ. ನೀವು ಸ್ನಾನಕ್ಕೆ ಹೋಗಿ ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದಾಗ ಹೊರಗಿನಿಂದ ಟಪ್ ಅಂತ ದೀಪ ಆರಿಸ್ತಾರೆ. ಒಳಗಿಂದ ಕೂಗಿಕೊಂಡರೆ "ಓ, ಒಳಗಿದೀಯಾ?" ಅಂತಾರೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಕೂ ಆಗಲ್ಲ, ನಗದೆ ಇರೋಕೂ ಆಗಲ್ಲ.

ಈ ಕಥೆ ಅಂಥವರೊಬ್ಬರದು. ಬೀದಿಗೆಲ್ಲ ಅವರು ಸ್ವಿಚ್ ಮಾವ. ದುಡಿದದ್ದೆಲ್ಲ ನೂಲಿನ ಗಿರಣಿಯಲ್ಲಿ. ಪಾಳಿ ಮುಗಿದ ಮೇಲೆ ಯಂತ್ರಗಳನ್ನೆಲ್ಲ ಒಂದೊಂದಾಗಿ ಆರಿಸಿ, ಎಲ್ಲರಿಗಿಂತ ಕೊನೆಗೆ ಹೊರಗೆ ಬರೋದು ಅವರ ಕೆಲಸ. ಆರಿಸುವ ಮುಂಚೆ ಯಂತ್ರದ ಮೀಟರಿನ ಮುಳ್ಳು ಎಲ್ಲಿದೆ ಅಂತ ಒಂದು ಸಲ ನೋಡಲೇಬೇಕು ಅನ್ನೋದು ಅಲ್ಲಿಯ ಕಟ್ಟಪ್ಪಣೆ. ಗಿರಣಿ ಬಿಟ್ಟು ಎಷ್ಟೋ ವರ್ಷ ಆಯ್ತು, ಆ ಅಭ್ಯಾಸ ಮಾತ್ರ ಮಾವನನ್ನ ಬಿಡಲಿಲ್ಲ.

ಅವರ ಸೊಸೆಯ ಕೆಲಸ ಶೂಗಳ ನಮೂನೆ ಬರೆಯೋದು. ಒಂದು ಕಾಲು ಗಿಡ್ಡ ಇರುವವರು, ಪಾದ ಸೊಟ್ಟ ಇರುವವರು, ಅಂಗಡಿಯ ಶೂ ಹಿಡಿಸದವರು ಅವಳ ಹತ್ತಿರ ಬರ್ತಾರೆ. ಅವಳು ಅಳತೆ ತಗೊಂಡು, ಚರ್ಮ ಹೇಗೆ ಕತ್ತರಿಸಬೇಕು, ಶೂ ತಳದ ಅಟ್ಟೆ ಎಲ್ಲಿ ದಪ್ಪ ಎಲ್ಲಿ ತೆಳು ಅಂತ ಕಂಪ್ಯೂಟರಿನಲ್ಲಿ ಬಿಡಿಸಿ, ಶೂ ಹೊಲಿಯುವ ಕಾರ್ಖಾನೆಗೆ ಕಳಿಸ್ತಾಳೆ. ಮನೆಯ ಹಿಂದಿನ ಕೋಣೆಯೇ ಅವಳ ಆಫೀಸು. ಮೇಜಿನ ದೀಪ, ಫ್ಯಾನು, ಕಂಪ್ಯೂಟರ್, ಪ್ರಿಂಟರ್ ಎಲ್ಲಕ್ಕೂ ಬಾಗಿಲ ಪಕ್ಕ ಒಂದೇ ದೊಡ್ಡ ಸ್ವಿಚ್. ಅದನ್ನ ಮುಂದೆ ನಿಂತು ಹಾಕಿಸಿದ್ದು ಇನ್ಯಾರು? ಮಾವನೇ. "ಒಂದೇ ಏಟಿಗೆ ಎಲ್ಲಾ ಆರಬೇಕು ನೋಡು" ಅಂತ.

ಆ ಸಲದ ಸ್ಕೂಲಿನ ರಜೆಯಲ್ಲಿ ಸೊಸೆ ಒಂದು ಪುಟ್ಟ ಹುಡುಗಿಗೆ ಶೂ ಮಾಡ್ತಾ ಇದ್ದಳು. ಬೇಕರಿಯವಳ ಮಗಳು, ಎಲ್ಲರೂ ಕರೆಯೋದು ಗುಬ್ಬಿ ಅಂತ. ಎಡಗಾಲು ಕೊಂಚ ಗಿಡ್ಡ, ಮಾತು ಮಾತ್ರ ಉದ್ದ. ಕಾಗದದ ಮೇಲೆ ಅಳತೆ ಬರೆದುಕೊಂಡರೆ ಆಗುವ ಕೆಲಸ ಅಲ್ಲ ಅದು. ಮಾದರಿ ಅಟ್ಟೆ ಕಟ್ಟಿ ನಡುಮನೆಯಲ್ಲಿ ನಡೆಸಬೇಕು, "ಇಲ್ಲಿ ಚುಚ್ಚುತ್ತೆ" ಅಂದರೆ ಅಲ್ಲಿ ತೆಗೀಬೇಕು, "ಇಲ್ಲಿ ವಾಲುತ್ತೆ" ಅಂದರೆ ಇಲ್ಲಿ ಸೇರಿಸಬೇಕು. ಗುಬ್ಬಿ ನಡೆಯುವಾಗಲೆಲ್ಲ ಕೈ ಹಿಡಿದುಕೊಳ್ಳೋದು ಮಾವ. ರಜೆಯುದ್ದಕ್ಕೂ ಹೀಗೇ ನಡೆದೂ ನಡೆದೂ, ಒಂದು ದಿನ ಗುಬ್ಬಿ ಥಟ್ಟನೆ ಅವರ ಕೈ ಬಿಟ್ಟು ನಿಂತುಬಿಟ್ಟಳು.

"ಅಜ್ಜಾ! ನೆಲ ನೆಟ್ಟಗಾಯ್ತು!" ಅಂದಳು.

ಮಾವ ಮುಖ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡರು. ಸೊಸೆ ಆ ಅಳತೆಯನ್ನ ಕೂಡಲೇ ನಮೂನೆಗೆ ಹಾಕಿದಳು. ಸೋಮವಾರ ಸ್ಕೂಲು ಶುರು. ಹೊಸ ಶೂ ಬರದೆ ಸ್ಕೂಲಿನ ಮೆಟ್ಟಿಲು ಹತ್ತೋದಿಲ್ಲ ಅಂತ ಗುಬ್ಬಿ ಬೀದಿಗೆಲ್ಲ ಸಾರಿಯಾಗಿತ್ತು. ಹೋದ ವರ್ಷ ಅವಳು ನಡೆಯೋದನ್ನ ಅಣಕಿಸಿ ಮಕ್ಕಳು ನಕ್ಕಿದ್ದರು, ಪಾಪ. ಕಾರ್ಖಾನೆಯವರು, "ಶುಕ್ರವಾರ ಸಂಜೆಯೊಳಗೆ ನಮೂನೆ ಬಂದರೆ ಭಾನುವಾರ ಶೂ ಕೊಡ್ತೀವಿ" ಅಂದಿದ್ದರು.

ಗುರುವಾರ ಸಂಜೆ ನಮೂನೆಗೆ ಕೊನೆಯ ಗೆರೆ ಎಳೆದು ಮುಗಿಸೋ ಹೊತ್ತಿಗೆ ಕಂಪ್ಯೂಟರ್ ಮತ್ತೆ ಕೇಳಿತು, ಅಪ್‌ಡೇಟ್ ಮಾಡಲಾ ಅಂತ. ನಮೂನೆ ಬೆಳಗ್ಗೆ ಕಳಿಸಿದರಾಯ್ತು, ಸೊಸೆಗೂ ಸಾಕಾಗಿತ್ತು. "ಹಾಳಾಗ್ಲಿ, ಮಾಡ್ಕೋ" ಅಂತ ಒತ್ತಿ, ಅಂಟು ತರೋಕೆ ಅಂಗಡಿಗೆ ಹೋದಳು. ಹೋಗುವಾಗ ಮನೆಯಲ್ಲಿ ಯಾರಿಗೂ ಒಂದು ಮಾತು ಹೇಳಲಿಲ್ಲ.

ಮಾವ ಅತ್ತ ಬಂದರು. ಕೋಣೆಯಲ್ಲಿ ನರಪಿಳ್ಳೆ ಇಲ್ಲ, ದೀಪ ಉರೀತಾ ಇದೆ, ಫ್ಯಾನು ತಿರುಗ್ತಾ ಇದೆ, ಕಂಪ್ಯೂಟರ್ ಗುಂಯ್ ಅಂತಿದೆ. ಅಭ್ಯಾಸದಂತೆ ಒಂದು ಸಲ ಪರದೆ ನೋಡಿದರು. ನೀಲಿ ಬಣ್ಣ, ಸುತ್ತುತ್ತಾ ಇರೋ ಚುಕ್ಕಿಗಳು, ದಪ್ಪ ಅಕ್ಷರದಲ್ಲಿ ಮೂವತ್ತೆಂಟು ಅನ್ನೋ ಅಂಕಿ. ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು, ಕನ್ನಡಕ ಹಜಾರದಲ್ಲಿತ್ತು. ಟಪ್ ಅಂತ ಆರಿಸಿದರು.

ಅಷ್ಟರಲ್ಲಿ ಗೇಟಿನ ಸದ್ದು, ಅದರ ಹಿಂದೆಯೇ ಸೊಸೆಯ ದನಿ. "ಮಾವಾ, ಆ ಕೋಣೆ ಸ್ವಿಚ್ ಮುಟ್ಟಬೇಡಿ! ಅಪ್‌ಡೇಟ್ ಆಗ್ತಿದೆ, ಮಧ್ಯೆ ಆರಿದ್ರೆ ಕೆಟ್ಟೋಗುತ್ತೆ!"

ಮಾವ ಥಟ್ಟನೆ ಹಿಂದಕ್ಕೆ ತಿರುಗಿದರು. ಕಳ್ಳನ ಹಾಗೆ ಸ್ವಿಚ್ ಮತ್ತೆ ಹಾಕಿ, ಸದ್ದಿಲ್ಲದೆ ಹಜಾರಕ್ಕೆ ಬಂದು ಪೇಪರ್ ಹಿಡಿದು ಕೂತರು. ಪೇಪರ್ ತಲೆಕೆಳಗಾಗಿತ್ತು.

ನಿಜ ಹೇಳಿಬಿಡಬಹುದಿತ್ತಲ್ಲ ಅಂತೀರಾ? ಕೇಳಿ. ಹಿಂದಿನ ತಿಂಗಳು ಮಾವ ಕರೆಂಟಿನ ಕೆಟಲ್ಲಿನಲ್ಲಿ ನೀರಿಟ್ಟು ಮರೆತು, ಅದು ಬತ್ತಿ ಸುಟ್ಟು, ಎತ್ತಲು ಹೋಗಿ ಕೈ ಸುಟ್ಟುಕೊಂಡಿದ್ದರು. ಸೊಸೆ ಗಾಬರಿಯಲ್ಲಿ, "ಮಾವ, ಇನ್ಮೇಲೆ ನೀವು ಏನೂ ಮುಟ್ಟಬೇಡಿ" ಅಂದಿದ್ದಳು. ಅವಳು ಅವತ್ತೇ ಮರೆತಳು, ಮಾವ ಮರೀಲಿಲ್ಲ. ಒಂದು ಗಿರಣಿಯನ್ನೇ ಆರಿಸಿ ಬೀಗ ಹಾಕ್ತಿದ್ದ ಕೈಗೆ ಈಗ ಮನೆಯಲ್ಲಿ ಏನನ್ನೂ ಮುಟ್ಟೋ ಹಾಗಿಲ್ಲ ಅನ್ನೋ ಮಾತು ಅವರನ್ನ ಒಳಗೊಳಗೇ ಕೊರೀತಾ ಇತ್ತು.

ಸೊಸೆ ಬಂದು ನೋಡಿದಾಗ ದೀಪ ಉರೀತಿತ್ತು, ಕಂಪ್ಯೂಟರ್ ಆಗಷ್ಟೇ ಮತ್ತೆ ಶುರು ಆಗ್ತಾ ಇತ್ತು. ಮುಗೀತೇನೋ ಅಂದುಕೊಂಡಳು. ಎಲ್ಲಿ ಮುಗೀತು? ಚುಕ್ಕಿ ಸುತ್ತೋದು, ಪರದೆ ಕಪ್ಪಾಗೋದು, ಮತ್ತೆ ಚುಕ್ಕಿ. ಅಡುಗೆ ಆಯ್ತು, ಊಟ ಆಯ್ತು, ಅದರ ಸುತ್ತಾಟ ಮುಗೀಲಿಲ್ಲ.

ಶುಕ್ರವಾರ ಬೆಳಗ್ಗೆ ಮಾವನ ಮಗ ಎದ್ದು ಬಂದ. ಬಸ್ ಓಡಿಸುವವನು, ಅವತ್ತು ಅವನಿಗೆ ರಜೆ. ಕಂಪ್ಯೂಟರಿನ ಗುಂಡಿಯನ್ನ ಬಸ್ಸಿನ ಹಾರ್ನ್ ಒತ್ತಿದ ಹಾಗೆ ಒತ್ತಿ ಒತ್ತಿ ನೋಡಿ, ಸೊಂಟದ ಮೇಲೆ ಕೈ ಇಟ್ಟು ನಿಂತ.

"ಯಾರು ಇದನ್ನ ಮುಟ್ಟಿದ್ದು?"

"ನಾನಂತೂ ಅಂಗಡಿಗೆ ಹೋಗಿದ್ದೆ," ಅಂದಳು ಹೆಂಡತಿ.

"ಅಪ್ಪ, ನೀವು?"

ಮಾವನಿಗೆ ಮಾತು ನಾಲಿಗೆ ತುದಿವರೆಗೂ ಬಂತು. ಮಗನ ಮುಖ ನೋಡಿದ ಮೇಲೆ ಅಲ್ಲಿಂದಲೇ ವಾಪಸ್ ಹೋಯ್ತು. "ನಾನ್ಯಾಕಪ್ಪ ಮುಟ್ಲಿ," ಅಂದುಬಿಟ್ಟರು. ಹೇಳಿದ ಮೇಲೆ ಬೆಳಗಿನ ಟೀಯನ್ನ ಅರ್ಧಕ್ಕೇ ಕೆಳಗಿಟ್ಟರು.

ಮಗ ಮೂಲೆಯ ರಿಪೇರಿ ಅಂಗಡಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳೋ ಹಾಗೆ ಸ್ಪೀಕರ್ ಹಾಕಿದ. ಅವರು ಕೇಳಿದರು, "ಮಧ್ಯೆ ಕರೆಂಟ್ ಹೋಗಿತ್ತಾ?" ಇಲ್ಲ ಅಂದ. "ಯಾರಾದ್ರೂ ಆರಿಸಿದ್ರಾ?" ಇಲ್ಲ ಅಂದ. "ಹಾಗಾದ್ರೆ ಒಳಗೆ ಫೈಲುಗಳನ್ನ ಇಡೋ ಡಿಸ್ಕೇ ಕೆಟ್ಟಿರಬೇಕು. ತಗೊಂಬನ್ನಿ, ಎಲ್ಲಾ ಅಳಿಸಿ ಹೊಸದಾಗಿ ಹಾಕ್ಕೊಡ್ತೀವಿ."

"ಎಲ್ಲಾ ಅಳಿಸಿ ಅಂದ್ರೆ? ಗುಬ್ಬಿ ನಮೂನೆ?" ಅಂತ ಸೊಸೆ ಕೂಗಿಕೊಂಡಳು.

"ಡಿಸ್ಕೇ ಹೋದ್ಮೇಲೆ ನಮೂನೆ ಎಲ್ಲಿರುತ್ತೆ? ಮತ್ತೆ ಬರಿ," ಅಂದ ಮಗ.

"ಒಂದು ರಜೆಯ ಕೆಲಸ ಕಣ್ರೀ ಅದು! ಒಂದು ದಿನದಲ್ಲಿ ಎಲ್ಲಿಂದ ಬರೀಲಿ?"

"ಅದಕ್ಕೇ ಈ ಅಪ್‌ಡೇಟೂ ಬೇಡ, ಗಿಪ್‌ಡೇಟೂ ಬೇಡ ಅನ್ನೋದು. ಚೆನ್ನಾಗಿ ನಡೀತಿರೋದನ್ನ ಕೆದಕಿದ್ದು ಯಾಕೆ?" ಅಂತ ಬೈಯುತ್ತಾ ಮಗ, ಕಂಪ್ಯೂಟರನ್ನ ಅಂಗಡಿಗೆ ಒಯ್ಯೋಕೆ ಒಂದು ಗೋಣಿಚೀಲ ತಂದು, ತಂತಿಗಳನ್ನ ಕೀಳೋಕೆ ಶುರು ಮಾಡಿದ.

ಹೊರಗೆ ಗುಬ್ಬಿ ಗೇಟು ಹಿಡಿದು ಜೋತಾಡ್ತಾ ಕೂಗಿದಳು. "ಅಜ್ಜಾ, ನನ್ನ ಶೂ ಹೋಯ್ತಾ ಕಾರ್ಖಾನೆಗೆ?"

ಮಾವ ಏನು ಹೇಳ್ತಾರೆ? "ಹೋಗುತ್ತೆ ಪುಟ್ಟಿ," ಅಂದರು. ದನಿ ಅವರದೇ ಅನ್ನಿಸಲಿಲ್ಲ.

ಪುಣ್ಯಕ್ಕೆ ಸೊಸೆ ಅಷ್ಟರಲ್ಲಿ ಲೈಬ್ರರಿ ಅಕ್ಕನಿಗೆ ಫೋನ್ ಮಾಡಿದ್ದಳು. ಹಿಂದಿನ ಬೀದಿಯ ಲೈಬ್ರರಿಯಲ್ಲಿ ಜನ ಬಳಸೋ ಕಂಪ್ಯೂಟರುಗಳನ್ನ ನೋಡಿಕೊಳ್ಳುವವಳು ಅವಳು. ಹೆಗಲಿಗೊಂದು ಚೀಲ, ಬಾಯಲ್ಲೊಂದು ನಗು, ಯಾವುದಕ್ಕೂ ಗಾಬರಿ ಅನ್ನೋದೇ ಇಲ್ಲ. ಲೈಬ್ರರಿ ತೆಗೆಯೋ ಮುಂಚೆ ಬಂದುಹೋಗ್ತೀನಿ ಅಂದವಳು ಬಂದೇಬಿಟ್ಟಳು.

"ಅಣ್ಣ, ಆ ಗೋಣಿಚೀಲ ಕೆಳಗಿಡು. ಒಂದು ಟೀ ಕುಡಿಯೋವರೆಗೆ ನನಗೆ ಟೈಮ್ ಕೊಡು," ಅಂದಳು. ಕುರ್ಚಿ ಎಳೆದು ಕೂತು ಕೇಳಿದಳು, "ಏನಾಯ್ತು?"

"ಯಾರೋ ಏನೋ ಮಾಡಿದಾರೆ, ಒಬ್ಬರೂ ಬಾಯಿ ಬಿಡ್ತಿಲ್ಲ," ಅಂದ ಮಗ.

"ಯಾರು ಅಂತ ನಾನು ಕೇಳ್ಲಿಲ್ವಲ್ಲಣ್ಣ. ಅದರಿಂದ ನನ್ನ ಕೆಲಸಕ್ಕೆ ಏನೂ ಉಪಯೋಗ ಇಲ್ಲ. ಏನಾಯ್ತು ಅಂತ ಗೊತ್ತಾಗ್ಬೇಕು ನನಗೆ. ಡಾಕ್ಟರ ಹತ್ತಿರ ಹೋದಾಗ ಏನು ತಿಂದೆ ಅಂತ ಕೇಳಲ್ವಾ? ಬೈಯೋಕೆ ಕೇಳ್ತಾರಾ? ಮದ್ದು ಕೊಡೋಕೆ ಕೇಳ್ತಾರೆ. ನೋಡಿ, ತಾನಾಗೇ ಕೆಟ್ಟ ಡಿಸ್ಕ್ ಬೇರೆ, ಅಪ್‌ಡೇಟ್ ಅರ್ಧಕ್ಕೆ ನಿಂತ ಕಂಪ್ಯೂಟರ್ ಬೇರೆ. ಮೊದಲನೇದಾದ್ರೆ ಕಷ್ಟ. ಎರಡನೇದಾದ್ರೆ ಒಳಗಿರೋ ಫೈಲುಗಳು ಸಾಮಾನ್ಯವಾಗಿ ಇದ್ದಲ್ಲೇ ಇರ್ತವೆ. ಅಳಿಸೋ ಅಗತ್ಯನೇ ಬೀಳಲ್ಲ. ಆದ್ರೆ ಯಾವುದು ಅಂತ ಗೊತ್ತಾಗೋದು ಹೇಗೆ? ನಿನ್ನೆ ಸಂಜೆ ಆ ಕೋಣೆಯಲ್ಲಿ ಏನೇನು ನಡೀತು, ನೆನಪಿದ್ದಷ್ಟು ಹೇಳಿ."

ಮಗ ಮತ್ತೆ ಚೀಲಕ್ಕೆ ಕೈ ಹಾಕಿದ. ಗೇಟಿನ ಹತ್ತಿರ ಗುಬ್ಬಿ ತನ್ನಷ್ಟಕ್ಕೆ ಹಾಡಿಕೊಳ್ತಾ ಇದ್ದಳು. ಮಾವ ಆ ಕಡೆ ನೋಡಿದರು, ಈ ಕಡೆ ಚೀಲ ನೋಡಿದರು. ಅಂಗಡಿಗೆ ಹೋದರೆ ಎಲ್ಲಾ ಅಳಿಸಿ ಹೋಗುತ್ತೆ. ತಡೆಯೋ ಮಾತು ಇರೋದು ಇಡೀ ಮನೆಯಲ್ಲಿ ಅವರೊಬ್ಬರ ಹತ್ತಿರ.

"ಮೂವತ್ತೆಂಟು," ಅಂದರು ಮಾವ.

ಎಲ್ಲರೂ ತಿರುಗಿದರು.

"ಮೂವತ್ತೆಂಟಕ್ಕೆ ಬಂದಿತ್ತು. ನಾನೇ ಆರಿಸಿದೆ. ಯಾರೂ ಇರಲಿಲ್ಲ, ಅದಕ್ಕೆ... ಆಮೇಲೆ ನಾನೇ ಮತ್ತೆ ಹಾಕಿದೆ. ಬೆಳಗ್ಗೆ ಕೇಳಿದಾಗ ಸುಳ್ಳು ಹೇಳಿದೆ ಕಣಪ್ಪಾ. ಇನ್ನು ಆ ಕೋಣೆಗೆ ಕಾಲಿಡಲ್ಲ. ಆ ಮಗು ಶೂ ಒಂದು ಉಳಿಸಿಕೊಡಿ."

ಮಗ ಬಾಯಿ ತೆಗೆಯೋಕೆ ಮುಂಚೆ ಲೈಬ್ರರಿ ಅಕ್ಕ ಎದ್ದು ಮಾವನ ಕೈ ಹಿಡಿದುಕೊಂಡಳು. "ಮಾವ, ಆ ಮಗುವಿನ ಶೂ ನೀವೇ ಉಳಿಸಿದ್ರಿ ಈಗ. ಡಿಸ್ಕ್ ಕೆಟ್ಟಿಲ್ಲ ಅಂತ ಮುಕ್ಕಾಲು ಪಾಲು ನಂಬಿಕೆ ಬಂತು ನನಗೆ. ಅಂಕಿ ಬೇರೆ ನೋಡಿಟ್ಟುಕೊಂಡಿದೀರಲ್ಲ! ಮೂವತ್ತೆಂಟು ಅಂದ್ರೆ ಅರ್ಧಂಬರ್ಧ ಹಾಕ್ಕೊಂಡು ನಿಂತಿದೆ. ಅದನ್ನ ಹಿಂದಕ್ಕೆ ತೆಗೆಸಿದ್ರೆ ಆಯ್ತು."

ಸೊಸೆ ಮಾವನ ಪಕ್ಕ ಬಂದು ಕೂತಳು. "ಮಾವ, ನನಗೆ ಹೇಳಬಾರದಿತ್ತಾ?"

"ಏನೂ ಮುಟ್ಟಬೇಡಿ ಅಂದಿದ್ದೆಯಲ್ಲಮ್ಮಾ."

"ಅಯ್ಯೋ! ಕೈ ಸುಟ್ಟುಕೊಂಡ್ರಲ್ಲ ಅಂತ ಸಂಕಟಕ್ಕೆ ಅಂದಿದ್ದು ನಾನು. ಇಷ್ಟು ದಿನ ಇದನ್ನ ಮನಸ್ಸಲ್ಲಿಟ್ಟುಕೊಂಡು ಕೊರಗ್ತಾ ಇದ್ರಾ?" ಅವಳ ಕಣ್ಣಲ್ಲಿ ನೀರು. ಮೂಗು ಒರೆಸಿಕೊಂಡು ಲೈಬ್ರರಿ ಅಕ್ಕನ ಕಡೆ ತಿರುಗಿದಳು. "ನನ್ನದೂ ಇದೆ ಅಕ್ಕ. ಅಪ್‌ಡೇಟ್ ಕೇಳಿದಾಗಲೆಲ್ಲ ಆಮೇಲೆ, ಆಮೇಲೆ ಅಂತ ತಿಂಗಳುಗಟ್ಟಲೆ ತಳ್ಳಿದೀನಿ. ನಿನ್ನೆ ಯಾರಿಗೂ ಹೇಳದೆ ಹಚ್ಚಿ ಹೋದೆ. ಕಾಪಿ ಇಟ್ಕೊಳ್ಳೋಕೆ ಅಂತ ನೀವು ತಂದುಕೊಟ್ಟ ಡಿಸ್ಕ್ ಇನ್ನೂ ಡಬ್ಬಿಯಿಂದ ಹೊರಗೇ ಬಂದಿಲ್ಲ."

ಈಗ ಮಗ ಕಿವಿ ಕೆರೆದುಕೊಂಡ. "ಕಂಪ್ಯೂಟರ್ ತುಂಬಾ ನನ್ನ ಸಿನಿಮಾಗಳಿವೆ. ಜಾಗ ಸಾಲದು ಅಂತ ಪರದೆ ಮೇಲೆ ಒಂದು ಸಲ ಬಂದಿತ್ತು... ಮುಚ್ಚಿಬಿಟ್ಟಿದ್ದೆ."

"ಭೇಷ್! ಮನೆಮಂದಿಯೆಲ್ಲ ಸೇರಿ ಮಾಡಿದ ಕೆಲಸ ಇದು, ಬರೀ ಮಾವನ ತಲೆಗೆ ಕಟ್ಟೋಕೆ ಹೊರಟಿದ್ರಲ್ಲ," ಅಂತ ಲೈಬ್ರರಿ ಅಕ್ಕ ನಕ್ಕಳು. ಮಾವನಿಗೂ ನಗು ಬಂತು.

ಆಮೇಲೆ ಕೆಲಸ. ಮೊದಲು ಪ್ರಿಂಟರ್, ಕ್ಯಾಮೆರಾ ಎಲ್ಲಾ ಬಿಚ್ಚಿಸಿದಳು. ಇಂಥ ಹೊತ್ತಲ್ಲಿ ಹೆಚ್ಚಿಗೆ ಸಿಕ್ಕಿಸಿದ್ದೆಲ್ಲ ತೊಂದರೆ ಕೊಡಬಹುದು ಅಂದಳು. ಚೀಲದಿಂದ ಒಂದು ಪೆನ್‌ಡ್ರೈವ್ ತೆಗೆದಳು. "ಇದರಲ್ಲಿ ಒಂದು ಪುಟ್ಟ ವ್ಯವಸ್ಥೆ ಇದೆ. ಮನೆಯ ಮುಂಬಾಗಿಲು ಕೆಟ್ಟಾಗ ಹಿತ್ತಲ ಬಾಗಿಲಿಂದ ಒಳಗೆ ಹೋಗಲ್ವಾ, ಹಾಗೆ. ರಿಪೇರಿ ಆಮೇಲೆ. ಮೊದಲು ಬೇಕಾದ್ದನ್ನ ಹೊರಗೆ ತಂದಿಟ್ಕೋಬೇಕು."

ಕಂಪ್ಯೂಟರ್ ಅದರಿಂದ ಎದ್ದು ಕೂತಿತು. ಒಂದೊಂದೇ ಫೋಲ್ಡರ್ ತೆರೆದಳು. ಸೊಸೆ ಮೇಜಿನ ಮೇಲೆ ಬಗ್ಗಿ ನೋಡ್ತಿದ್ದಳು. "ಅಲ್ಲಿ! ಅಲ್ಲಿದೆ ನೋಡಿ!" ಗುಬ್ಬಿಯ ನಮೂನೆ, ಕೊನೆಯ ಗೆರೆ ಸಮೇತ ಇದ್ದಲ್ಲೇ ಇತ್ತು. ಡಬ್ಬಿಯಲ್ಲಿದ್ದ ಡಿಸ್ಕ್ ಬಿಚ್ಚಿ ಎಲ್ಲಾ ಫೈಲುಗಳ ಕಾಪಿ ಮಾಡಿದರು. ನಮೂನೆಯನ್ನ ಅಲ್ಲಿಂದಲೇ ಕಾರ್ಖಾನೆಗೆ ಕಳಿಸಿದರು. ಸಿಕ್ಕಿತು ಅಂತ ಅವರಿಂದ ಉತ್ತರ ಬಂದಾಗ ಮಾವ ಗೇಟಿನ ಹತ್ತಿರ ಹೋಗಿ, "ಪುಟ್ಟೀ, ಹೋಯ್ತು ಕಣೇ!" ಅಂತ ಕೂಗಿದರು. ಈ ಸಲ ದನಿ ಅವರದೇ.

ಆಮೇಲೆ ಪೆನ್‌ಡ್ರೈವ್ ತೆಗೆದು ಕಂಪ್ಯೂಟರಿನ ರಿಪೇರಿ ಪರದೆಗೆ ಹೋದರು. ಅಲ್ಲಿ ಎಲ್ಲಾ ಅಳಿಸುವ ಆಯ್ಕೆಯೂ ಇತ್ತು. "ಅದರ ಹತ್ತಿರಾನೂ ಹೋಗಬೇಡಿ," ಅಂದು, ಕೊನೆಗೆ ಹಾಕಿದ ಅಪ್‌ಡೇಟನ್ನ ತೆಗೆದುಹಾಕು ಅನ್ನೋದನ್ನ ಒತ್ತಿದಳು. ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ, ಹಳೇ ಪರದೆ ನಗುತ್ತಾ ಬಂತು.

"ಸದ್ಯ! ಇನ್ನು ಅಪ್‌ಡೇಟ್ ಸಹವಾಸ ಬೇಡ," ಅಂದ ಮಗ.

"ಅಣ್ಣ, ನಿನ್ನ ಬಸ್ಸಿನ ಬ್ರೇಕು ಸರಿಮಾಡಿಸೋವಾಗ ಒಂದು ದಿನ ಬಸ್ ನಿಲ್ಲುತ್ತೆ. ಹಾಗಂತ ಬ್ರೇಕೇ ನೋಡಿಸದೆ ಓಡಿಸ್ತೀಯಾ?"

"ಅದು ಹೇಗಾಗುತ್ತೆ! ಜನ ಕೂತಿರ್ತಾರೆ."

"ಇದರಲ್ಲೂ ಕೂತಿದಾರೆ. ಗುಬ್ಬಿ ಕೂತಿದಾಳೆ, ಇವಳ ಹತ್ತಿರ ಬರೋ ಎಲ್ಲರ ಕಾಲಿನ ಅಳತೆ, ವಿಳಾಸ, ಫೋನ್ ನಂಬರು ಎಲ್ಲಾ ಇದೆ. ಕಳ್ಳರು ನುಗ್ಗೋ ಸಂದುಗಳನ್ನ ಮುಚ್ಚೋಕೇ ಅಪ್‌ಡೇಟ್ ಕಳಿಸೋದು. ಬೇಡ ಅಂದ್ರೆ ಸಂದು ತೆರೆದೇ ಇರುತ್ತೆ."

ಮಗ ತಲೆ ಆಡಿಸಿದ. ಮೊಬೈಲು ತೆಗೆದು ತೋರಿಸಿದ. "ಬೆಳಗ್ಗೆ ಹುಡುಕಿದಾಗ ಇದು ಬಂತು. ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಅಂತ. ಮಾಡ್ಬೇಕು ಅಂತಿದ್ದೆ."

"ಮಾಡಿದ್ರೆ ಕೆಟ್ಟೇಹೋಗ್ತಿತ್ತು! ಅದು ದುಡ್ಡು ಕೀಳೋ ಮೋಸಗಾರರ ನಂಬರು. ಹಾಗೆ ತಾನಾಗಿ ಬರೋ ನಂಬರನ್ನ ಎಂದಿಗೂ ನಂಬಬೇಡ. ಕೇಳೋದಿದ್ರೆ ಗುರುತಿರೋರನ್ನ ಕೇಳು."

ಮಗ ಮುಖ ಚಿಕ್ಕದು ಮಾಡಿಕೊಂಡು ಸಿನಿಮಾಗಳನ್ನ ಅಳಿಸಿದ. ಒಂದು ಅಳಿಸುವಾಗ ಮಾತ್ರ ತುಂಬಾ ಹೊತ್ತು ಯೋಚನೆ ಮಾಡಿದ. ಜಾಗ ಖಾಲಿಯಾದ ಮೇಲೆ ಅಪ್‌ಡೇಟ್ ಮತ್ತೆ ಹಚ್ಚಿದರು.

ಮಾವ ಹಜಾರಕ್ಕೆ ಹೊರಟರು. ಸೊಸೆ ಬಿಡಲಿಲ್ಲ. ಕುರ್ಚಿ ತಂದು ಬಾಗಿಲ ಪಕ್ಕ ಹಾಕಿದಳು. "ಎಲ್ಲಿಗೆ ಹೊರಟ್ರಿ? ಈ ಸ್ವಿಚ್ ಕಾಯೋರು ಯಾರು? ನನಗೆ ಬೇರೆ ಕೆಲಸ ಇದೆ." ಅವರ ಕನ್ನಡಕವನ್ನೂ ತಂದು ಕೈಗಿಟ್ಟಳು. ಮಾವ ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತರು. ಪರದೆಯ ಸಣ್ಣ ಅಕ್ಷರ ಈಗ ಓದಿದರು, ಕಂಪ್ಯೂಟರ್ ಆರಿಸಬೇಡಿ ಅಂತ. ಮಗ ಫ್ಯಾನಿನ ಕಡೆ ಕೈ ಚಾಚಿದ್ದಕ್ಕೇ "ಏಯ್! ದೂರ ನಿಲ್ಲು!" ಅಂತ ಗದರಿಸಿದರು. ಅಂಕಿ ನೂರಾಗಿ, ಕಂಪ್ಯೂಟರ್ ಪೂರ್ತಿ ಎದ್ದು ನಿಲ್ಲೋವರೆಗೆ ಅವರು ಅಲ್ಲಾಡಲಿಲ್ಲ.

ಭಾನುವಾರ ಶೂ ಬಂತು. ಗುಬ್ಬಿ ಹಾಕಿಕೊಂಡು ಎದ್ದು ನಿಂತಳು. ಮಾವ ಅಭ್ಯಾಸದಂತೆ ಕೈ ಚಾಚಿದರು. ಅವಳು ಹಿಡಿದುಕೊಳ್ಳಲಿಲ್ಲ. ಗೇಟು ದಾಟಿ, ಬೀದಿಯ ಆ ತುದಿಯ ಬೇಕರಿವರೆಗೂ ಓಡಿದಳು. ಮಾವ ಚಾಚಿದ ಕೈಯನ್ನ ಹಾಗೇ ಹಿಡಿದುಕೊಂಡು ಅವಳನ್ನೇ ನೋಡ್ತಾ ನಿಂತರು.

ಈಗ ಆ ಮನೆಯಲ್ಲಿ ಪ್ರತಿ ಶನಿವಾರ ಕಾಪಿ ಡಿಸ್ಕ್ ಸಿಕ್ಕಿಸೋದು ಮಾವನ ಕೆಲಸ. ಕಾಪಿ ಮುಗಿದ ಮೇಲೆ ಬಿಚ್ಚಿ ಬೀರುವಿನಲ್ಲಿ ಇಡೋದೂ ಅವರೇ. ದೀಪ ಆರಿಸೋ ಚಟ ಬಿಟ್ಟಿಲ್ಲ, ಬಿಡೋದೂ ಬೇಡ. ಸ್ವಿಚ್ಚಿಗೆ ಕೈ ಹಾಕೋ ಮುಂಚೆ "ಆರಿಸಲಾ?" ಅಂತ ಒಂದು ಕೂಗು ಹಾಕ್ತಾರೆ, ಅಷ್ಟೇ. "ಆರಿಸಿ ಮಾವ" ಅಂತ ಒಳಗಿಂದ ಉತ್ತರ ಬಂದರೆ, ಟಪ್.

ಕೇಳ್ತಾ ಇರೋ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮನೆ ಕಂಪ್ಯೂಟರೂ ಅಪ್‌ಡೇಟ್ ಕೇಳ್ತಾ ಇರಬಹುದು. ಆಮೇಲೆ ಅಂತ ತಳ್ಳಬೇಡಿ. ಬೇಕಾದ ಫೈಲುಗಳ ಕಾಪಿ ಇವತ್ತೇ ಬೇರೆ ಕಡೆ ಇಟ್ಟುಕೊಳ್ಳಿ, ಜಾಗ ಇದೆಯಾ ನೋಡಿ, ಮನೆಮಂದಿಗೆಲ್ಲ ಕೂಗಿ ಹೇಳಿ, ಆಮೇಲೆ ಹಚ್ಚಿ. ಅರ್ಧಕ್ಕೆ ನಿಂತರೆ ಗುಂಡಿ ಒತ್ತಿ ಒತ್ತಿ ಸುಸ್ತಾಗಬೇಡಿ, ಎಲ್ಲಾ ಅಳಿಸೋಕೆ ಅವಸರವನ್ನೂ ಮಾಡಬೇಡಿ. ಗೊತ್ತಿರುವ ಒಬ್ಬರನ್ನ ಕರೆಸಿ.

ಇನ್ನೊಂದು ಮಾತು, ಇದು ಕಂಪ್ಯೂಟರ್ ಇಲ್ಲದ ಮನೆಗೂ ಸೇರಿದ್ದು. ಏನಾದರೂ ಕೆಟ್ಟಾಗ "ಯಾರು ಮಾಡಿದ್ದು?" ಅಂತ ಕೂಗಿದರೆ ಮನೆಯಲ್ಲಿ ಎಲ್ಲರ ಬಾಯಿಗೂ ಬೀಗ ಬೀಳುತ್ತೆ. ಪಕ್ಕದಲ್ಲಿ ಕೂತು "ಏನಾಯ್ತು?" ಅಂತ ಕೇಳಿ ನೋಡಿ. ಸರಿಮಾಡೋ ದಾರಿ ಗೊತ್ತಿರುವವರು, ತಲೆಕೆಳಗಾದ ಪೇಪರ್ ಹಿಡಿದುಕೊಂಡು, ನೀವು ಹಾಗೆ ಕೇಳಲಿ ಅಂತಲೇ ಕಾಯ್ತಾ ಕೂತಿರಬಹುದು.